ಸಂಘಟಿತ ಸ್ತ್ರೀಶಕ್ತಿ: ದೂಬಗುಂಟದ ಪಾಠ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಜರುಗಿದ ಮಹಿಳಾ ಸಮಾವೇಶದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳನ್ನು ಪೂರೈಸಿದ ಈ ದೇವಾಲಯದ ಅಂಗಳದಲ್ಲಿ ನಾಲ್ಕು ಮಾತನಾಡುವ ಅವಕಾಶ ದೊರೆತುದಕ್ಕಾಗಿ ದೇವರಿಗೆ ಕೃತಜ್ಞಳಾಗಿದ್ದೇನೆ. ಸಂತ ಲೂಕರ ಶುಭಸಂದೇಶದಲ್ಲಿ ಬರುವ ವಿಧವೆಯ ಸಾಮತಿ ತಮಗೆಲ್ಲ ತಿಳಿದೇ ಇದೆ. ನ್ಯಾಯ ದೊರೆಯುವವರೆಗೆ ನ್ಯಾಯಾಧಿಪತಿಯನ್ನು ಬಿಡದೆ ಬೇಡಿದವಳು ಆಕೆ. ಆದರೆ ಆಕೆ ಒಬ್ಬಂಟಿ. ಅಂಥವರು ಹಲವರು ಒಂದುಗೂಡಿದರೆ ಏನಾಗುವುದೆಂಬುದನ್ನು ನೆರೆಯ ಆಂಧ್ರ ಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿ ತೋರಿಸಿಕೊಟ್ಟಿತು.

ಆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿದ್ದ ಕಾಲ. ಹಗಲೆಲ್ಲ ಕೂಲಿ ಮಾಡಿದ ಸ್ತ್ರೀಯರು ರಾತ್ರಿಯ ತರಗತಿಯಲ್ಲಿ ಅಕ್ಷರ ಕಲಿಯುತ್ತಿದ್ದರು. ಅವರ ಪಠ್ಯದಲ್ಲಿ, ಹೆಂಗಸರು ಒಟ್ಟುಗೂಡಿ ಸಾರಾಯಿ ಅಂಗಡಿಯನ್ನು ಮುಚ್ಚಿಸಿದ ಒಂದು ಕಥೆಯಿತ್ತು. ಅದನ್ನೋದಿದಾಗ ಪ್ರತಿಯೊಬ್ಬಳಿಗೂ ತನ್ನ ಮನೆಯ ಸಂಕಟವೇ ನೆನಪಾಯಿತು. ಗಂಡನ ಕೂಲಿ ಸಾರಾಯಿಗೆ, ಮಕ್ಕಳಿಗೆ ಹಸಿವು, ತನಗೆ ಪೆಟ್ಟು. 1992ರಲ್ಲಿ ರೋಶಮ್ಮ ಮುಂತಾದವರ ಮುಂದಾಳ್ತನದಲ್ಲಿ ಅವರು ತಮ್ಮೂರಿಗೆ ಸಾರಾಯಿ ಬಾರದಂತೆ ತಡೆದರು. ಕಿಚ್ಚು ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಇಡೀ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. 1995ರಲ್ಲಿ ಸಂಪೂರ್ಣ ಪಾನನಿರೋಧವೂ ಬಂದಿತು.

ಆದರೆ ಸರ್ಕಾರದ ಬೊಕ್ಕಸಕ್ಕೆ ಮದ್ಯದ ವರಮಾನ ಬೇಕಾಗಿತ್ತು. 1997ರಲ್ಲಿ ಪಾನನಿರೋಧವನ್ನು ಸಡಿಲಿಸಲಾಯಿತು. ಹಾಗಾದರೆ ಆ ತಾಯಂದಿರ ಶ್ರಮ ವ್ಯರ್ಥವಾಯಿತೇ? ಇಲ್ಲ. ಅದೇ ನೆಲ್ಲೂರಿನಲ್ಲಿ ಅವರು ದಿನಕ್ಕೊಂದು ರೂಪಾಯಿಯಂತೆ ಉಳಿಸಿ 'ಪೊದುಪು ಲಕ್ಷ್ಮಿ' ಎಂಬ ಉಳಿತಾಯ ಗುಂಪುಗಳನ್ನು ಕಟ್ಟಿಕೊಂಡರು. ಕಾನೂನು ಬಂದಿತು, ಹೋಯಿತು. ಕೂಡಿ ಕುಳಿತುಕೊಳ್ಳುವ ಅಭ್ಯಾಸ ಉಳಿಯಿತು. ನಾನಿಂದು ಹೇಳಬೇಕಾದುದು ಇಷ್ಟೇ.

ನಮ್ಮ ನಾಡಿಗೂ ಇದು ಹೊಸತಲ್ಲ. 1980ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆಯು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಬಡವರು ಪರಸ್ಪರ ನಂಬಿಕೆಯಿರುವ ಸಣ್ಣ ಗುಂಪುಗಳಾಗಿ ಉಳಿದುಕೊಂಡರು. ಆ ಅನುಭವದ ಬಲದಿಂದ 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು ಕೈಗೊಂಡಿತು. 2000ದಲ್ಲಿ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಿತು. 2007ರ ಜುಲೈ 1ರಿಂದ ಇಲ್ಲಿಯೂ ಸಾರಾಯಿ ನಿಂತಿತು. ಆದರೆ ಬೇರೆ ಮದ್ಯ ನಿಲ್ಲಲಿಲ್ಲ.

ಒಂದು ಎಚ್ಚರಿಕೆಯ ಮಾತು. ಸ್ವಂತ ಉಳಿತಾಯದಿಂದ ಬೆಳೆಯುವ ಸಂಘ ಬೇರೆ, ಸಾಲ ಹಂಚಲೆಂದೇ ಯಾರೋ ಕೂಡಿಸುವ ಗುಂಪು ಬೇರೆ. ಎರಡನೆಯದರಲ್ಲಿ ನೆರೆಯವಳೇ ವಸೂಲಿಗಾರಳಾಗುವಳು. 2010ರಲ್ಲಿ ಆಂಧ್ರದಲ್ಲಿ ಇಂಥ ಸಾಲಗಳ ಕಿರುಕುಳವನ್ನು ತಡೆಯಲು ಸರ್ಕಾರವೇ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಪ್ರಿಯರೇ, ನಮ್ಮ ಮನೆಗಳಲ್ಲಿ ಈ ಬಾಧೆಯಿಲ್ಲವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲೆವೇ? ಮದುವೆಯ ಔತಣದಲ್ಲಿ, ಮಗುವಿನ ಜ್ಞಾನಸ್ನಾನದ ಊಟದಲ್ಲಿ ಕೂಡ ಮದ್ಯವಿಲ್ಲದಿದ್ದರೆ ಮರ್ಯಾದೆ ಕಡಿಮೆಯೆಂದು ಭಾವಿಸುತ್ತೇವೆ. ಭಾನುವಾರ ಬಲಿಪೂಜೆಯಲ್ಲಿ ಪಕ್ಕಪಕ್ಕದಲ್ಲಿ ಮೊಣಕಾಲೂರುವ ನಾವು, ಪಕ್ಕದವಳ ಕೆನ್ನೆಯ ಬಾವನ್ನು ಕಂಡೂ ಕಾಣದಂತೆ ಎದ್ದು ಹೋಗುತ್ತೇವೆ. ಇದನ್ನು ಬೇರಾರ ಮೇಲೂ ಹೊರಿಸುತ್ತಿಲ್ಲ. ನಾನೂ ಹಾಗೆ ಎದ್ದು ಹೋದವಳೇ.

ಆದುದರಿಂದ ಗುರುಗಳಲ್ಲಿ ನನ್ನ ಬಿನ್ನಹ: ವಾರಕ್ಕೊಂದು ಸಂಜೆ ಧರ್ಮಕೇಂದ್ರದ ಸಭಾಂಗಣವನ್ನು ಸ್ತ್ರೀಯರಿಗೆ ಬಿಟ್ಟುಕೊಡಬೇಕು. ಅಲ್ಲಿ ಜಾತಿಮತ ನೋಡದೆ ಊರಿನ ಹೆಂಗಸರೆಲ್ಲರಿಗೂ ಬಾಗಿಲು ತೆರೆದಿರಬೇಕು. ಲೆಕ್ಕದ ಪುಸ್ತಕವನ್ನು ಅವರೇ ಬರೆಯಲಿ. ಸಹೋದರರಲ್ಲಿ ಒಂದೇ ಬೇಡಿಕೆ: ಆ ಸಂಜೆ ಮನೆಯ ಒಲೆಯನ್ನು ನೀವು ನೋಡಿಕೊಳ್ಳಿರಿ.

ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರ ನೆರವಿಗಾಗಿ ಬೆಟ್ಟದ ಸೀಮೆಗೆ ತಾವೇ ನಡೆದು ಹೋದರು. ಕರೆ ಬರಲೆಂದು ಕಾಯಲಿಲ್ಲ. ನಮ್ಮ ನೆರೆಯವಳ ಮನೆ ಅಷ್ಟು ದೂರವಿಲ್ಲ.