ಅಗ್ರಪೂಜೆ ಯಾರಿಗೆ?

(ನಂದಿನಿ ಲೇಔಟಿನ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಧರ್ಮರಾಯನ ರಾಜಸೂಯ ಯಾಗದಲ್ಲಿ ಒಂದು ಪ್ರಶ್ನೆ ಎದ್ದಿತು. ನೆರೆದಿರುವ ಅರಸರಲ್ಲಿ, ಹಿರಿಯರಲ್ಲಿ ಮೊದಲ ಪೂಜೆ ಯಾರಿಗೆ ಸಲ್ಲಬೇಕು? ಭೀಷ್ಮರು ಕೃಷ್ಣನ ಹೆಸರು ಹೇಳಿದರು. ಶಿಶುಪಾಲ ಸಿಡಿದೆದ್ದ. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಮಾತಿನಿಂದ ಶುರುವಾದದ್ದು ತಲೆ ಹೋಗುವಲ್ಲಿಗೆ ಮುಗಿಯಿತು. ನಮ್ಮ ಹಳ್ಳಿಗಳ ಜಾತ್ರೆಗಳಲ್ಲಿ ಮೊದಲ ತಾಂಬೂಲ ಯಾರಿಗೆ ಎಂಬ ಜಗಳ ತಲೆಮಾರುಗಟ್ಟಲೆ ನಡೆದದ್ದುಂಟು, ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಉಂಟು. ಒಂದು ವೀಳ್ಯದೆಲೆಗೆ ಇಷ್ಟೊಂದು ರಾದ್ಧಾಂತವೇ ಎಂದು ಹೊರಗಿನವರು ನಗಬಹುದು. ಆದರೆ ಮೊದಲು ಯಾರನ್ನು ಕರೆಯುತ್ತಾರೋ ಅವರ ಮಾತಿಗೆ ಆ ಊರಿನಲ್ಲಿ ತೂಕ ಹೆಚ್ಚು. ಜಗಳವಿರುವುದು ಆ ತೂಕಕ್ಕಾಗಿ.

ಅಮೆರಿಕದಲ್ಲಿ ಇಂಥದೇ ಒಂದು ಅಗ್ರಪೂಜೆಯ ಜಗಳ ಅರ್ಧ ಶತಮಾನದಿಂದ ನಡೆದಿದೆ. ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಅಲ್ಲಿನ ರಾಜ್ಯಗಳು ಒಂದಾದ ಮೇಲೊಂದರಂತೆ ಮತ ಹಾಕುತ್ತವೆ. ಇದಕ್ಕೆ ಪ್ರೈಮರಿ ಎಂದು ಹೆಸರು. ಮೊದಲು ಯಾವ ರಾಜ್ಯ, ಆಮೇಲೆ ಯಾವುದು, ಈ ಸಾಲು ಬದಲಾಗಬೇಕೇ ಎಂಬುದೇ ಪ್ರಶ್ನೆ.

ಉತ್ತರ ಕ್ಷೇತ್ರದ ಪ್ರಯೋಗ

ಅಮೆರಿಕದ ಜಗಳ ನಂದಿನಿ ಲೇಔಟಿಗೆ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ನಂದಿನಿ ಲೇಔಟ್ ಇರುವುದು ಮಹಾಲಕ್ಷ್ಮಿ ಲೇಔಟ್ ವಿಧಾನಸಭಾ ಕ್ಷೇತ್ರದಲ್ಲಿ. ಅದು ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದ ಎಂಟು ಭಾಗಗಳಲ್ಲಿ ಒಂದು. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷವು ರಾಹುಲ್ ಗಾಂಧಿಯವರ ಒತ್ತಾಸೆಯಿಂದ ದೇಶದ 16 ಕ್ಷೇತ್ರಗಳಲ್ಲಿ ಅಮೆರಿಕದ ಮಾದರಿಯ ಪ್ರೈಮರಿ ನಡೆಸುವುದಾಗಿ ಪ್ರಕಟಿಸಿತು. ಕರ್ನಾಟಕದಲ್ಲಿ ಆರಿಸಿದ ಕ್ಷೇತ್ರಗಳು ಎರಡು. ಒಂದು ದಕ್ಷಿಣ ಕನ್ನಡ, ಇನ್ನೊಂದು ಇದೇ ಬೆಂಗಳೂರು ಉತ್ತರ.

ದಕ್ಷಿಣ ಕನ್ನಡದಲ್ಲಿ ಹಿರಿಯ ನಾಯಕ ಜನಾರ್ದನ ಪೂಜಾರಿ ಗೆದ್ದರು, ಇಲ್ಲಿ ಮಾಜಿ ಸಂಸದ ಸಿ. ನಾರಾಯಣಸ್ವಾಮಿ. ಏಪ್ರಿಲ್ 17ರಂದು ನಡೆದ ನಿಜವಾದ ಚುನಾವಣೆಯಲ್ಲಿ ಇಬ್ಬರೂ ಸೋತರು. ಬೆಂಗಳೂರು ಉತ್ತರದಲ್ಲಿ ಡಿ.ವಿ. ಸದಾನಂದಗೌಡರು ಎರಡು ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಆರಿಸಿ ಬಂದರು. ಗುಜರಾತಿನ ವಡೋದರದಲ್ಲಿ ಇನ್ನೂ ವಿಚಿತ್ರ. ಅಲ್ಲಿ ನರೇಂದ್ರ ಮೋದಿ ಸ್ಪರ್ಧಿಸುತ್ತಾರೆಂದು ಗೊತ್ತಾದ ಮೇಲೆ ಪ್ರೈಮರಿ ಗೆದ್ದವರು ಹಿಂದೆ ಸರಿದು ಮಧುಸೂದನ ಮಿಸ್ತ್ರಿಯವರಿಗೆ ಜಾಗ ಬಿಟ್ಟರು.

ಆ ಪ್ರಯೋಗದಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು, ಚುನಾಯಿತ ಸದಸ್ಯರು, ಹೀಗೆ ಆಯ್ದ ಮಂದಿ ಮಾತ್ರ. ಇದೇ ರಸ್ತೆಯ ಒಬ್ಬ ಸಾಧಾರಣ ಮತದಾರನಿಗೆ ಅದರಲ್ಲಿ ಪಾಲಿರಲಿಲ್ಲ. ಅಮೆರಿಕದ ಪದ್ಧತಿ ಇದಕ್ಕಿಂತ ವಿಶಾಲವಾದದ್ದು. ಅಲ್ಲಿ ಪಕ್ಷದ ಬೆಂಬಲಿಗನೆಂದು ಹೆಸರು ನೋಂದಾಯಿಸಿದ ಯಾರೇ ಆಗಲಿ ಮತ ಹಾಕಬಹುದು. ಕೆಲವು ರಾಜ್ಯಗಳಲ್ಲಿ ನೋಂದಣಿಯೂ ಬೇಡ. ಸಂಸತ್ತಿನ ಟಿಕೆಟ್ಟೂ ಅಲ್ಲಿ ಹೀಗೆಯೇ ಸಿಗುವುದು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಭಾಗದಲ್ಲಿ ಹಲವು ಮಂದಿಯಿದ್ದ ಪ್ರೈಮರಿಯನ್ನು ಗೆದ್ದೇ ಅಲ್ಲಿನ ಸಂಸತ್ತಿಗೆ ಹೋದದ್ದು.

ಸಾಲು ಹುಟ್ಟಿದ ಬಗೆ

ಈ ಸಾಲನ್ನು ಅಮೆರಿಕದ ಸಂವಿಧಾನ ಬರೆದದ್ದಲ್ಲ. ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯ 1920ರಿಂದ ಎಲ್ಲರಿಗಿಂತ ಮೊದಲು ಪ್ರೈಮರಿ ನಡೆಸುತ್ತ ಬಂತು. ಅದು ಬರಬರುತ್ತ ರೂಢಿಯಾಯಿತು, ರೂಢಿ ಹಕ್ಕಾಯಿತು. ಬೇರೆ ಯಾವ ರಾಜ್ಯದ ಪ್ರೈಮರಿಗಿಂತಲೂ ಕನಿಷ್ಠ ಒಂದು ವಾರ ಮೊದಲು ತನ್ನದು ನಡೆಯಬೇಕೆಂದು ಆ ರಾಜ್ಯ ಕಾನೂನನ್ನೇ ಮಾಡಿಕೊಂಡಿದೆ.

ಆದರೆ ಬಹುಕಾಲ ಈ ಪ್ರೈಮರಿಗಳು ಹೆಚ್ಚುಕಡಿಮೆ ಉತ್ಸವಮೂರ್ತಿಗಳಂತಿದ್ದವು. ನಿಜವಾದ ತೀರ್ಮಾನ ಪಕ್ಷದ ಮುಖಂಡರದ್ದು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ ನಿಲ್ಲದೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧದ ಸಿಟ್ಟಿನಲ್ಲಿದ್ದ ಯುವಜನ ಷಿಕಾಗೊ ಸಮಾವೇಶದ ಹೊರಗೆ ಬೀದಿಗಿಳಿದರು. ಪೊಲೀಸರ ಲಾಠಿ ಏಟನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಆ ಅವಮಾನದ ನಂತರವೇ ಪಕ್ಷ ತನ್ನ ನಿಯಮ ಬದಲಿಸಿ ಆಯ್ಕೆಯನ್ನು ಮತದಾರರ ಕೈಗೆ ಕೊಟ್ಟದ್ದು.

ಹೊಸ ನಿಯಮದೊಂದಿಗೆ ಅಯೋವಾ ಎಂಬ ಕೃಷಿ ಪ್ರಧಾನ ರಾಜ್ಯ 1972ರಲ್ಲಿ ಸಾಲಿನ ಮುಂದಕ್ಕೆ ಬಂತು. ಅಲ್ಲಿ ಕಾಕಸ್ ಎಂಬ ವಾರ್ಡ್ ಸಭೆಗಳಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ರಾಜ್ಯ ಸಮಾವೇಶದವರೆಗೆ ಹೋಗಬೇಕಿತ್ತು. ಅದಕ್ಕೆ ಸಮಯ ಬೇಕಾದ್ದರಿಂದ ಬೇಗ ಶುರುಮಾಡಿದರು, ಅಷ್ಟೆ. 1976ರಲ್ಲಿ ಜಿಮ್ಮಿ ಕಾರ್ಟರ್ ಎಂಬ, ದೇಶಕ್ಕೆ ಅಷ್ಟೇನೂ ಪರಿಚಯವಿಲ್ಲದ ಮಾಜಿ ಗವರ್ನರ್ ಅಯೋವಾದ ಮನೆಮನೆ ಸುತ್ತಿ ಉಳಿದ ಅಭ್ಯರ್ಥಿಗಳನ್ನೆಲ್ಲ ಹಿಂದೆ ಹಾಕಿದರು. ಮುಂದೆ ಅಧ್ಯಕ್ಷರೇ ಆದರು. ಅಂದಿನಿಂದ ಅಯೋವಾ ಎಂದರೆ ಮೊದಲ ಬಾಗಿಲು ಎಂಬ ನಂಬಿಕೆ ಬೇರೂರಿತು.

ಮೊದಲಿಗರ ಬಲ

ನ್ಯೂ ಹ್ಯಾಂಪ್‌ಶೈರಿನ ಒಟ್ಟು ಜನಸಂಖ್ಯೆ ಸುಮಾರು 14 ಲಕ್ಷ. ಬೆಂಗಳೂರು ಉತ್ತರ ಕ್ಷೇತ್ರವೊಂದರಲ್ಲೇ 2024ರಲ್ಲಿ 30 ಲಕ್ಷಕ್ಕೂ ಹೆಚ್ಚು ಮತದಾರರಿದ್ದರು. ಅಷ್ಟು ಚಿಕ್ಕ ರಾಜ್ಯಕ್ಕೆ ಇಷ್ಟು ದೊಡ್ಡ ಮಾತು ಬಂದದ್ದು ಹೇಗೆ? ಅಲ್ಲಿ ಮತ ಹಾಕಿದ ರಾತ್ರಿಯೇ ಎಣಿಕೆ, ಎಣಿಸಿದ ರಾತ್ರಿಯೇ ಫಲಿತಾಂಶ. ಗೆದ್ದವನ ಹಿಂದೆ ಪತ್ರಿಕೆಗಳು ಓಡುತ್ತವೆ, ಹಣ ಓಡುತ್ತದೆ. ಸೋತವನಿಗೆ ಮುಂದಿನ ವಾರದ ಬಸ್ ಬಾಡಿಗೆಗೂ ದೇಣಿಗೆ ಹುಟ್ಟುವುದಿಲ್ಲ. 1968ರಲ್ಲಿ ಅಧಿಕಾರದಲ್ಲಿದ್ದ ಅಧ್ಯಕ್ಷ ಲಿಂಡನ್ ಜಾನ್ಸನ್ ಅಲ್ಲಿ ಗೆದ್ದರೂ ಅಂತರ ತೀರ ಕಡಿಮೆಯಾಯಿತು. ಆ ತಿಂಗಳು ಮುಗಿಯುವುದರೊಳಗೆ ಅವರು ಕಣದಿಂದಲೇ ಹಿಂದೆ ಸರಿದರು.

ಸಾಲಿನ ಕೊನೆಯಲ್ಲಿರುವವರ ಪಾಡು ಇದರ ಇನ್ನೊಂದು ಮುಖ. ಅಮೆರಿಕದ ಅತಿ ದೊಡ್ಡ ರಾಜ್ಯ ಕ್ಯಾಲಿಫೋರ್ನಿಯಾ 2016ರಲ್ಲಿ ಮತ ಹಾಕಿದ್ದು ಜೂನ್ 7ರಂದು. ಹೆಚ್ಚುಕಡಿಮೆ ಊಟ ಮುಗಿದು ಎಲೆ ಎತ್ತುವ ಹೊತ್ತು. 2020ಕ್ಕೆ ಆ ರಾಜ್ಯ ತನ್ನ ದಿನಾಂಕವನ್ನು ಮಾರ್ಚ್‌ಗೆ ತಂದುಕೊಂಡಿತು. 2008ರಲ್ಲಿ ಫ್ಲಾರಿಡಾ ಮತ್ತು ಮಿಷಿಗನ್ ಪಕ್ಷದ ಅಪ್ಪಣೆಯಿಲ್ಲದೆ ಮುಂದಕ್ಕೆ ನುಗ್ಗಿದವು. ಸಮಾವೇಶದಲ್ಲಿ ಅವುಗಳ ಪ್ರತಿನಿಧಿಗಳನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಡೆಮಾಕ್ರಟಿಕ್ ಪಕ್ಷ ಮೊದಲು ಶಿಕ್ಷೆ ವಿಧಿಸಿ, ಆಮೇಲೆ ಸಡಿಲಿಸಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಅಯೋವಾ, ನ್ಯೂ ಹ್ಯಾಂಪ್‌ಶೈರ್ ಎರಡರಲ್ಲೂ ಬಹುಪಾಲು ಜನ ಬಿಳಿಯರು. ಕರಿಯರು, ಲ್ಯಾಟಿನ್ ಮೂಲದವರು, ದೊಡ್ಡ ನಗರಗಳ ಕಾರ್ಮಿಕರು ಬಾಯಿ ತೆರೆಯುವ ಮೊದಲೇ ಅರ್ಧ ಅಭ್ಯರ್ಥಿಗಳು ಮನೆಗೆ ಹೋಗಿರುತ್ತಾರೆ. 2020ರಲ್ಲಿ ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರಿನಲ್ಲಿ ಐದನೆಯವರು. ಕರಿಯ ಮತದಾರರು ಹೆಚ್ಚಾಗಿರುವ ದಕ್ಷಿಣ ಕೆರೊಲಿನಾ ಕೈಹಿಡಿದ ಮೇಲೆ ಅವರ ಗ್ರಹಗತಿ ಬದಲಾಯಿತು. ಅದೇ ವರ್ಷ ಅಯೋವಾದ ಡೆಮಾಕ್ರಟಿಕ್ ಎಣಿಕೆಯೂ ಗೊಂದಲದ ಗೂಡಾಗಿ ಫಲಿತಾಂಶ ದಿನಗಟ್ಟಲೆ ತಡವಾಗಿತ್ತು. ಹೀಗಾಗಿ 2024ರಲ್ಲಿ ಡೆಮಾಕ್ರಟಿಕ್ ಪಕ್ಷ ದಕ್ಷಿಣ ಕೆರೊಲಿನಾಕ್ಕೆ, ಫೆಬ್ರುವರಿ 3ರಂದು, ಅಗ್ರಸ್ಥಾನ ಕೊಟ್ಟಿತು. ನ್ಯೂ ಹ್ಯಾಂಪ್‌ಶೈರ್ ಕೇಳಲಿಲ್ಲ. ತನ್ನ ಕಾನೂನಿನಂತೆ ಜನವರಿ 23ರಂದೇ ಮತದಾನ ನಡೆಸಿತು. ಮತಪತ್ರದಲ್ಲಿ ಬೈಡನ್ ಹೆಸರೇ ಇರಲಿಲ್ಲ. ಮತದಾರರು ಕೈಯಿಂದ ಹೆಸರು ಬರೆದು ಅವರನ್ನು ಗೆಲ್ಲಿಸಿದರು. ರಿಪಬ್ಲಿಕನ್ನರು ಮಾತ್ರ ಅಯೋವಾವನ್ನು ಮೊದಲ ಸ್ಥಾನದಲ್ಲೇ ಉಳಿಸಿಕೊಂಡರು.

ನಮ್ಮಲ್ಲಿಯೂ ಸಾಲುಂಟು

ಭಾರತದಲ್ಲಿಯೂ ಒಬ್ಬರು ಮೊದಲು, ಒಬ್ಬರು ಆಮೇಲೆ ಮತ ಹಾಕುತ್ತಾರೆ. ಮೊದಲ ಮಹಾಚುನಾವಣೆಯ ಮೊದಲ ಮತ ಬಿದ್ದದ್ದು 1951ರ ಅಕ್ಟೋಬರ್ 25ರಂದು, ಹಿಮಾಚಲದ ಚಿನಿ ಪ್ರದೇಶದಲ್ಲಿ. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಅಲ್ಲಿ ಮುಗಿಸಬೇಕಿತ್ತು. ದೇಶದ ಬಹುಭಾಗ ಮತ ಹಾಕಿದ್ದು 1952ರ ಆರಂಭದಲ್ಲಿ.

ಕರ್ನಾಟಕದಲ್ಲಿ 2008ರ ವಿಧಾನಸಭಾ ಚುನಾವಣೆ ಮೇ 10, 16, 22 ಎಂದು ಮೂರು ಹಂತಗಳಲ್ಲಿ ನಡೆಯಿತು. 2019 ಮತ್ತು 2024ರ ಲೋಕಸಭಾ ಚುನಾವಣೆಗಳಲ್ಲಿ ದಕ್ಷಿಣದ 14 ಕ್ಷೇತ್ರಗಳು ಮೊದಲು, ಉತ್ತರದ 14 ಕ್ಷೇತ್ರಗಳು ಆಮೇಲೆ. ಎರಡು ಸಲವೂ ಬೆಂಗಳೂರು, ಮೈಸೂರು ಮುಂದೆ. ಬೆಳಗಾವಿ, ಬೀದರ್ ಹಿಂದೆ. ಆದರೂ ಇದನ್ನು ಹಿಡಿದು ಬೆಳಗಾವಿಯವರು ಬೆಂಗಳೂರಿನವರೊಡನೆ ಜಗಳಕ್ಕೆ ನಿಂತದ್ದಿಲ್ಲ. ಅಭಿವೃದ್ಧಿಯ ಪಾಲಿನ ಪ್ರಶ್ನೆಯಲ್ಲಿ ಉತ್ತರ ಕರ್ನಾಟಕದ ಅಸಮಾಧಾನ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಹಾಗಿದ್ದೂ ಈ ವಿಚಾರದಲ್ಲಿ ಮಾತ್ರ ಮೌನವೇಕೆ?

ಉತ್ತರ ಇರುವುದು ಎಣಿಕೆಯ ದಿನದಲ್ಲಿ. ನಂದಿನಿ ಲೇಔಟಿನವರು 2024ರ ಏಪ್ರಿಲ್ 26ರಂದು ಒತ್ತಿದ ಗುಂಡಿಯ ಫಲ ಜೂನ್ 4ರವರೆಗೆ, 39 ದಿನ, ಯಂತ್ರದೊಳಗೇ ಬೀಗ ಹಾಕಿಕೊಂಡು ಕುಳಿತಿತ್ತು. ಮತಗಟ್ಟೆ ಸಮೀಕ್ಷೆಗಳನ್ನು ಕೊನೆಯ ಹಂತ ಮುಗಿಯುವವರೆಗೆ ಪ್ರಕಟಿಸುವಂತಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ ಅದನ್ನು ನಿಷೇಧಿಸಿದೆ. ಮೊದಲು ಮತ ಹಾಕಿದವರು ಏನು ಹೇಳಿದರೆಂಬುದು ಆಮೇಲಿನವರಿಗೆ ತಿಳಿಯುವುದೇ ಇಲ್ಲ. ಹೀಗಾಗಿ ನಮ್ಮ ಸಾಲಿನಲ್ಲಿ ಮೊದಲಿರುವುದು ಒಂದು ಅನುಕೂಲ ಅಥವಾ ಅನನುಕೂಲ, ಅಧಿಕಾರವಲ್ಲ.

ಅಷ್ಟಾದರೂ ಸಾಲಿಗೆ ಏನೂ ಪರಿಣಾಮವಿಲ್ಲವೆನ್ನುವಂತಿಲ್ಲ. ಅದೇ 2024ರಲ್ಲಿ ಹಾಸನ ಮತ ಹಾಕಿದ್ದು ಏಪ್ರಿಲ್ 26ರಂದು. ಅಲ್ಲಿನ ಆಗಿನ ಸಂಸದರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳ ತನಿಖೆಗೆ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿದ್ದು ಮತದಾನ ಮುಗಿದ ಮೇಲೆ. ಮೇ 7ರಂದು ಮತ ಹಾಕಿದ ಜಿಲ್ಲೆಗಳು ಆ ಸುದ್ದಿಯನ್ನೆಲ್ಲ ಓದಿಕೊಂಡು ಮತಗಟ್ಟೆಗೆ ಹೋದವು. ಹಾಸನದ ಮತದಾರರು ಊರಿನಲ್ಲಿ ಹರಿದಾಡುತ್ತಿದ್ದ ಮಾತಿನ ಮೇಲೆಯೇ ತೀರ್ಮಾನ ಮಾಡಬೇಕಾಯಿತು. ಅವರು ಆ ಸಂಸದರನ್ನು ಸೋಲಿಸಿದರೆಂಬುದು ಬೇರೆ ಮಾತು. ಮೊದಲು ಹೋದವರಿಗೆ ತಿಳಿವಳಿಕೆ ಕಡಿಮೆ, ಕೊನೆಗೆ ಹೋದವರಿಗೆ ಹೆಚ್ಚು. ಅಮೆರಿಕದ ದುರಂತವೆಂದರೆ ಅಲ್ಲಿ ತಿಳಿವಳಿಕೆ ಕಡಿಮೆಯಿರುವ ಮೊದಲಿಗರಿಗೇ ಅಧಿಕಾರ ಹೆಚ್ಚು.

ಸರದಿಯ ನ್ಯಾಯ

ಹಾಗಾದರೆ ನಮ್ಮಂತೆ ಎಲ್ಲವನ್ನೂ ಒಂದೇ ದಿನ ಎಣಿಸಿಬಿಟ್ಟರಾಯಿತಲ್ಲ? ಇಲ್ಲವೇ ಇಡೀ ದೇಶ ಒಂದೇ ದಿನ ಪ್ರೈಮರಿ ನಡೆಸಿದರಾಗದೆ? ಅಮೆರಿಕದಲ್ಲಿ ಈ ಸಲಹೆ ಹಳೆಯದು. ಅದರಲ್ಲಿ ಒಂದು ಅಪಾಯವಿದೆ. ಒಂದೇ ದಿನ ಐವತ್ತು ರಾಜ್ಯಗಳಲ್ಲಿ ಪ್ರಚಾರ ಮಾಡಬಲ್ಲವರು ಇಬ್ಬರೇ: ಮೊದಲೇ ಹೆಸರಾದವರು ಮತ್ತು ಹಣವುಳ್ಳವರು. ಚಿಕ್ಕ ರಾಜ್ಯದಲ್ಲಿ ಹೋಟೆಲಿನ ಮೇಜಿಗೆ, ರೈತನ ಅಂಗಳಕ್ಕೆ ಹೋಗಿ ಮಾತಾಡಿ ಗೆದ್ದ ಕಾರ್ಟರ್‌ನಂಥವರಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಮತದಾರರು ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವ ಪಾಠವನ್ನು ನ್ಯೂ ಹ್ಯಾಂಪ್‌ಶೈರ್ ಚೆನ್ನಾಗಿಯೇ ಕಲಿಸಿದೆ. ಎಣಿಕೆಯನ್ನು ಬಚ್ಚಿಟ್ಟರೆ ಕಾರ್ಟರ್‌ಗೆ ಅಯೋವಾ ಕೊಟ್ಟ ಹೆಸರೂ ಸಿಗುತ್ತಿರಲಿಲ್ಲ. ಚಿಕ್ಕದರಿಂದ ಆರಂಭಿಸುವುದು ತಪ್ಪಲ್ಲ. ಸದಾ ಅದೇ ಚಿಕ್ಕದರಿಂದ ಆರಂಭಿಸುವುದು ತಪ್ಪು.

ಇದಕ್ಕೆ ಮದ್ದು ಕನ್ನಡಿಗರಿಗೆ ಗೊತ್ತಿರುವುದೇ. ಗ್ರಾಮ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಈ ಸಲ ಮಹಿಳೆಗೆ, ಮುಂದಿನ ಸಲ ಪರಿಶಿಷ್ಟ ಜಾತಿಗೆ, ಆಮೇಲೆ ಸಾಮಾನ್ಯ ವರ್ಗಕ್ಕೆ ಎಂದು ಸರದಿಯಲ್ಲಿ ಸುತ್ತುತ್ತದೆ. ಪಟ್ಟಿ ಹೊರಬಿದ್ದಾಗ ಗೊಣಗುವವರು ಬಹಳ. ಆದರೆ ನಮ್ಮ ಸರದಿ ಎಂದೂ ಬರುವುದಿಲ್ಲವೆಂದು ಹೇಳುವಂತಿಲ್ಲ. ಅಮೆರಿಕದಲ್ಲಿ ರಾಜ್ಯಗಳ ಚುನಾವಣೆ ನೋಡಿಕೊಳ್ಳುವ ಕಾರ್ಯದರ್ಶಿಗಳ ಸಂಘ 1999ರಲ್ಲಿ ಇಂಥದೇ ಯೋಜನೆಯೊಂದನ್ನು ಮುಂದಿಟ್ಟಿತು. ದೇಶವನ್ನು ನಾಲ್ಕು ವಲಯ ಮಾಡಿ, ಪ್ರತಿ ಚುನಾವಣೆಗೂ ಮೊದಲ ವಲಯವನ್ನು ಬದಲಿಸುವುದು. ಆದರೆ ಅದರಲ್ಲೂ ಅಯೋವಾ, ನ್ಯೂ ಹ್ಯಾಂಪ್‌ಶೈರ್‌ಗಳನ್ನು ಮುಟ್ಟುವ ಧೈರ್ಯ ಬರಲಿಲ್ಲ. ಅವೆರಡಕ್ಕೂ ಅಗ್ರಪೂಜೆ ಹಾಗೆಯೇ ಉಳಿಯಿತು.

ಸಾಲು ಬದಲಾಗಬೇಕು. ಆದರೆ ಅಯೋವಾವನ್ನು ಇಳಿಸಿ ದಕ್ಷಿಣ ಕೆರೊಲಿನಾವನ್ನು ಶಾಶ್ವತವಾಗಿ ಕೂರಿಸಿದರೆ ಒಬ್ಬ ಯಜಮಾನನ ಬದಲು ಇನ್ನೊಬ್ಬ ಯಜಮಾನ ಬಂದಂತೆ. ಚಿಕ್ಕ ರಾಜ್ಯಗಳೇ ಮೊದಲಿರಲಿ. ಯಾವುವು ಎಂಬುದು ನಾಲ್ಕು ವರ್ಷಕ್ಕೊಮ್ಮೆ ಸುತ್ತಲಿ. ಉತ್ತರದ ಹಳ್ಳಿ ಒಂದು ಸಲ, ದಕ್ಷಿಣದ ಕರಿಯರ ಕೇರಿ ಒಂದು ಸಲ, ಪಶ್ಚಿಮದ ಗಣಿಯೂರು ಒಂದು ಸಲ ಮೊದಲ ಪ್ರಶ್ನೆ ಕೇಳಲಿ.

ಇಲ್ಲಿ ಸಾಲೇ ಇಲ್ಲ

ಮತ್ತೆ ಬೆಂಗಳೂರು ಉತ್ತರಕ್ಕೆ ಬರೋಣ. 2014ರ ಪ್ರಯೋಗ ಮುಂದುವರಿಯಲಿಲ್ಲ. 2019ರಲ್ಲಿ ಮೈತ್ರಿಯ ಹಂಚಿಕೆಯಲ್ಲಿ ಈ ಕ್ಷೇತ್ರ ಜೆಡಿಎಸ್‌ಗೆ ಹೋಗಿತ್ತು. ನಾಮಪತ್ರ ಸಲ್ಲಿಕೆಯ ಗಡುವು ಮುಗಿಯುವ ಹೊತ್ತಿಗೆ ಆ ಪಕ್ಷ ಅದನ್ನು ಕಾಂಗ್ರೆಸ್‌ಗೆ ಹಿಂದಿರುಗಿಸಿತು; ಕೃಷ್ಣ ಬೈರೇಗೌಡರು ಕೊನೆಯ ಗಳಿಗೆಯಲ್ಲಿ ಅಭ್ಯರ್ಥಿಯಾದರು. 2024ರಲ್ಲಿ ಬಿಜೆಪಿ ಹಾಲಿ ಸಂಸದ ಸದಾನಂದಗೌಡರನ್ನು ಬಿಟ್ಟು, ಉಡುಪಿ ಚಿಕ್ಕಮಗಳೂರಿನ ಸಂಸದೆ ಶೋಭಾ ಕರಂದ್ಲಾಜೆಯವರನ್ನು ಇಲ್ಲಿಗೆ ಕರೆತಂದಿತು; ಅವರು ಗೆದ್ದರು. ಸರಿಯೋ ತಪ್ಪೋ, ಈ ತೀರ್ಮಾನಗಳಾವುವನ್ನೂ ಕ್ಷೇತ್ರದ ಮತದಾರರನ್ನು ಕೇಳಿ ಮಾಡಿದ್ದಲ್ಲ.

ಅಮೆರಿಕದವರು ಸಾಲಿನಲ್ಲಿ ಯಾರು ಮುಂದೆ ಎಂದು ಜಗಳವಾಡುತ್ತಾರೆ. ನಮ್ಮಲ್ಲಿ ಅಭ್ಯರ್ಥಿಯನ್ನು ಆರಿಸುವ ಕೋಣೆಯ ಹೊರಗೆ ಸಾಲೇ ನಿಂತಿಲ್ಲ. ನಂದಿನಿ ಲೇಔಟಿನ ಮತದಾರನ ಕೈಗೆ ಪಟ್ಟಿ ಬರುವ ಹೊತ್ತಿಗೆ ಹೆಸರುಗಳು ಅಚ್ಚಾಗಿರುತ್ತವೆ. 2014ರ ಪ್ರಯೋಗದ ಅಭ್ಯರ್ಥಿ ಸೋತರೆಂಬುದು ನಿಜ. ಆದರೆ ಹೈಕಮಾಂಡ್ ಆರಿಸಿದವರೂ ಎಷ್ಟೋ ಸಲ ಸೋತಿದ್ದಾರೆ. ಅದಕ್ಕಾಗಿ ಯಾರೂ ಹೈಕಮಾಂಡ್ ಪದ್ಧತಿಯನ್ನು ಕೈಬಿಟ್ಟಿಲ್ಲ. ಮುಂದಿನ ಸಲ ಮತ ಕೇಳಲು ಮನೆ ಬಾಗಿಲಿಗೆ ಬರುವವರನ್ನು, ಪಕ್ಷ ಯಾವುದೇ ಇರಲಿ, ಒಂದು ಪ್ರಶ್ನೆ ಕೇಳಬೇಕು: ‘ತಮ್ಮನ್ನು ಆರಿಸುವ ಮೊದಲು ಈ ಬಡಾವಣೆಯಲ್ಲಿ ಯಾರನ್ನು ಕೇಳಿದರು?’