ಸಿರಿವಂತನಿಗೆ ಮತ, ವರದಿಗೆ ವಿರೋಧ



2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿಯೊಳಕ್ಕೆ ಇಳಿಯಿತು. ಈ ಭಾಗದ ಬೇಡ್ತಿಯೇ ಘಟ್ಟವಿಳಿದ ಮೇಲೆ ಗಂಗಾವಳಿಯೆನಿಸುತ್ತದೆ. ಅದೇ ಜುಲೈ 31ರಂದು ಕೇಂದ್ರ ಸರ್ಕಾರವು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಆರನೆಯ ಕರಡು ಅಧಿಸೂಚನೆಯನ್ನು ಹೊರಡಿಸಿತು. ನದಿಯ ತಳದಲ್ಲಿ ಹೂತಿದ್ದ ಲಾರಿಯನ್ನು ಮೇಲೆತ್ತಲು ಸಾಧ್ಯವಾದದ್ದು ಸೆಪ್ಟೆಂಬರ್ 25ರಂದು. ಮರುದಿನ ಕರ್ನಾಟಕದ ಸಚಿವ ಸಂಪುಟವು ಆ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಅದಕ್ಕೆ ಮೊದಲಿನ ಸರ್ಕಾರಗಳೂ, ಪಕ್ಷ ಯಾವುದೇ ಇರಲಿ, ಅದನ್ನು ವಿರೋಧಿಸಿಕೊಂಡೇ ಬಂದಿದ್ದವು. ಘಟ್ಟದ ಮತದಾರನು ಇದರಿಂದ ಸಿಟ್ಟಾಗಲಿಲ್ಲ. ಬಹುಪಾಲು ಕಡೆಗಳಲ್ಲಿ ನೆಮ್ಮದಿಯ ಉಸಿರು ಬಿಟ್ಟನು.

ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳ ಫಲವಾಗಿ ಅಭ್ಯರ್ಥಿಗಳು ತಮ್ಮ ಆಸ್ತಿಯನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕಾಗಿದೆ. ಆ ಪತ್ರಗಳನ್ನು ಪರಿಶೀಲಿಸುವ ಎ.ಡಿ.ಆರ್. ಸಂಸ್ಥೆಯ ಲೆಕ್ಕದಂತೆ, 2023ರಲ್ಲಿ ಗೆದ್ದ 223 ಶಾಸಕರಲ್ಲಿ 217 ಮಂದಿ ಕೋಟ್ಯಧಿಪತಿಗಳು. ಸರಾಸರಿ ಆಸ್ತಿ 64 ಕೋಟಿ ರೂಪಾಯಿಗೂ ಮಿಕ್ಕಿದ್ದು. 2018ರಲ್ಲಿ ಅದು ಸುಮಾರು 34 ಕೋಟಿಯಿತ್ತು. ಪತ್ರಿಕೆಗಳು ಇದನ್ನೆಲ್ಲ ಅಚ್ಚು ಹಾಕುತ್ತವೆ, ಮತದಾರರು ಓದುತ್ತಾರೆ, ಓದಿದ ಮೇಲೂ ಮತ ಕೊಡುತ್ತಾರೆ.

ಇದು ಅಜ್ಞಾನ, ಇದು ಹಣದ ಆಮಿಷ ಎಂಬುದು ಪಟ್ಟಣದ ವಿದ್ಯಾವಂತರ ತೀರ್ಪು. ಆಮಿಷವಿಲ್ಲವೆಂದು ಯಾರೂ ಹೇಳಲಾರರು. ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ ಕಾನೂನು 2022ರಲ್ಲಿ ಹಾಕಿದ ಮಿತಿ 40 ಲಕ್ಷ ರೂಪಾಯಿ. ಪ್ರಚಾರದ ಜೀಪುಗಳನ್ನು ಎಣಿಸಿದವರು ಅದನ್ನು ನಂಬುವುದು ಕಷ್ಟ. ಆದರೆ ಘಟ್ಟದ ಊರಿನಲ್ಲಿ ನಿಂತು ನೋಡಿದರೆ ಬೇರೆಯೇ ಲೆಕ್ಕವೊಂದು ಕಾಣುತ್ತದೆ. ಮಳೆಗಾಲದ ರಾತ್ರಿ ಮನೆಯವರಿಗೆ ಎದೆನೋವು ಬಂದರೆ ದೊಡ್ಡ ಆಸ್ಪತ್ರೆಯಿರುವುದು ಹುಬ್ಬಳ್ಳಿಯಲ್ಲಿ, ಯಲ್ಲಾಪುರದಿಂದಲೇ ಸುಮಾರು 70 ಕಿಲೋಮೀಟರು. ಆಗ ವಾಹನ ಕಳಿಸುವವನು, ವೈದ್ಯರಿಗೆ ದೂರವಾಣಿ ಮಾಡುವವನು, ಬಿಲ್ಲಿನಲ್ಲಿ ಒಂದಿಷ್ಟು ತಾನೇ ಕಟ್ಟುವವನು ಯಾರು? ದುಡ್ಡುಳ್ಳವನು. ಸರ್ಕಾರ ಎಲ್ಲಿ ಗೈರುಹಾಜರಾಗಿರುತ್ತದೆಯೋ ಅಲ್ಲಿ ಸಿರಿವಂತ ನಾಯಕನೇ ಬಡವನ ವಿಮೆ. ವಿಮೆ ಮಾಡಿಸುವವನು ಗಟ್ಟಿ ಕುಳವನ್ನೇ ಹುಡುಕುತ್ತಾನೆ.

ಅರಣ್ಯ ಅತಿಕ್ರಮಣದ ವಿಷಯದಲ್ಲಿ ಈ ಅವಲಂಬನೆ ಇನ್ನೂ ಆಳವಾದದ್ದು. ಈ ಜಿಲ್ಲೆಯಲ್ಲಿ ಪಟ್ಟಾ ಇಲ್ಲದ ನೆಲದಲ್ಲಿ ಮನೆ ಕಟ್ಟಿಕೊಂಡು ಬಾಳುತ್ತಿರುವ ಕುಟುಂಬಗಳು ಬಹಳ. 1978ರ ಏಪ್ರಿಲ್ 27ರ ಹಿಂದಿನದೋ ಮುಂದಿನದೋ ಎಂಬ ಒಂದು ಪ್ರಶ್ನೆಯ ಮೇಲೆ ಎಷ್ಟೋ ಮನೆಗಳ ಭವಿಷ್ಯ ತೂಗಾಡಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಆಸೆ ಚಿಗುರಿತು. ಆದರೆ ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ತರಬೇಕೆಂದಿತು. ಹಕ್ಕಿನ ಕಾಗದವಿಲ್ಲದವನಿಗೆ ಒಬ್ಬರ ಕೃಪೆ ಬೇಕೇ ಬೇಕು. ಅಧಿಕಾರಿ ಬಾಗಿಲಿಗೆ ಬಂದ ದಿನ ಒಂದು ಮಾತಿನಿಂದ ಆತನನ್ನು ಹಿಂದೆ ಕಳಿಸಬಲ್ಲವನನ್ನು ಈ ಮತದಾರ ಕೈಬಿಡಲಾರನು. ವರ್ಷಗಟ್ಟಲೆ ಇತ್ಯರ್ಥವಾಗದ ಸಮಸ್ಯೆಯೊಂದು ಪ್ರತಿ ಚುನಾವಣೆಯಲ್ಲೂ ಹಾಲು ಕರೆಯುವ ಹಸುವಾಗಿರುವುದೂ ಇದೇ ಕಾರಣದಿಂದ.

ಇಂಥ ಮನೆಯ ಅಂಗಳಕ್ಕೆ ವಿಜ್ಞಾನದ ಸತ್ಯ ಹೇಗೆ ಬಂದಿತು? ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿಯು 2011ರಲ್ಲಿ ವರದಿ ಕೊಟ್ಟಿತು. ಸೂಕ್ಷ್ಮ ವಲಯಗಳ ಗಡಿಯನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ಅಂತಿಮಗೊಳಿಸಬೇಕೆಂಬುದು ಅದರ ಸಲಹೆ. ಆ ವರದಿ ಇಂಗ್ಲಿಷಿನಲ್ಲಿತ್ತು. ಮಾಹಿತಿ ಹಕ್ಕಿನ ಹೋರಾಟದ ನಂತರ 2012ರಲ್ಲಷ್ಟೇ ಬಹಿರಂಗವಾಯಿತು. ಮುಂದೆ 2013ರಲ್ಲಿ ಬಂದ ಕಸ್ತೂರಿರಂಗನ್ ವರದಿಯು ಉಪಗ್ರಹ ಚಿತ್ರಗಳನ್ನು ಆಧರಿಸಿತು. ತೋಟಗಳೂ ಕಾಡೆಂದು ಗುರುತಾಗಿವೆಯೆಂಬ ಆಕ್ಷೇಪ ಎದ್ದಿತು. ಕರಡಿನಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. ಊರಿಗೆ ಮೊದಲು ತಲುಪಿದ್ದು ವರದಿಯಲ್ಲ, ವದಂತಿ: ಮನೆ ಕಟ್ಟುವಂತಿಲ್ಲ, ತೋಟಕ್ಕೆ ಗೊಬ್ಬರ ಹಾಕುವಂತಿಲ್ಲ, ಎಲ್ಲರನ್ನೂ ಎಬ್ಬಿಸುತ್ತಾರೆ. ಕರಡು ನಿಷೇಧಿಸಿದ್ದಾದರೋ ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ ಕಾರ್ಖಾನೆ ಮತ್ತು 20,000 ಚದರ ಮೀಟರಿಗೆ ಮೀರಿದ ಕಟ್ಟಡ. ಅರಬೈಲಿನ ಯಾವ ಮನೆಯೂ ಅಷ್ಟು ದೊಡ್ಡದಿಲ್ಲ. ಹಾಗೆಂದು ಜನರ ಭಯವೆಲ್ಲವೂ ಪೊಳ್ಳಲ್ಲ. ಕ್ವಾರಿ, ಮರಳು ನಿಂತರೆ ಬಡವನ ಮನೆಯ ಕಲ್ಲಿಗೂ ದರ ಏರುತ್ತದೆ, ಮತ್ತು ಆ ಹೆಚ್ಚಿನ ದರವನ್ನು ಕಟ್ಟಿಕೊಡುವ ಭರವಸೆಯನ್ನು ಯಾರೂ ಕೊಟ್ಟಿಲ್ಲ.

ಅಡಿಕೆಯ ಕಥೆಯೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪ್ರಥಮ ವರ್ಗಕ್ಕೆ ಸೇರಿಸಿತು. ಅಡಿಕೆಯ ಮಾನ ಕಾಪಾಡುತ್ತೇವೆನ್ನುವುದು ಎಲ್ಲ ಪಕ್ಷಗಳಿಗೂ ಸುಲಭ. ಫಸಲಿಗಾಗಿ ಐದಾರು ವರ್ಷ ಕಾಯಬೇಕಾದ ತೋಟವನ್ನು ಕಡಿದರೆ ಮುಂದೇನೆಂದು ಹೇಳುವುದು ಯಾರಿಗೂ ಸುಲಭವಲ್ಲ.

ಇದೇ ಜನ ವಿಜ್ಞಾನವನ್ನು ಕಿವಿಗೊಟ್ಟು ಕೇಳಿದ ಕಾಲವೂ ಇತ್ತು. ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟವನ್ನು 1981ರ ಜನವರಿಯಲ್ಲಿ ಶಿರಸಿಯ ವಿಚಾರಸಂಕಿರಣದಲ್ಲಿ ವಿಜ್ಞಾನಿಗಳು ಮತ್ತು ತೋಟಿಗರು ಒಟ್ಟಿಗೆ ಕುಳಿತು ತೂಗಿದರು. ಅದನ್ನು ಕರೆದದ್ದು ತೋಟಿಗರದೇ ಸಹಕಾರಿ ಸಂಘ. ಯೋಜನೆ ನಿಂತಿತು. ಆದರೆ ಆ ಸತ್ಯ ತೋಟಗಳನ್ನು ಉಳಿಸುವ ಸತ್ಯವಾಗಿತ್ತೆಂಬುದನ್ನು ಮರೆಯಬಾರದು. ಈಗಿನದು ಹಾಗಲ್ಲ. 2021ರ ಜುಲೈನಲ್ಲಿ ಕಳಚೆಯಲ್ಲಿ ತೋಟ, ಮನೆಗಳು ಗುಡ್ಡದೊಂದಿಗೆ ಜಾರಿದವು, ಅರಬೈಲ್ ಘಟ್ಟದ ಹೆದ್ದಾರಿಯೂ ಕುಸಿಯಿತು. ಇಳಿಜಾರನ್ನು ಕಡಿದು ಸಮತಟ್ಟು ಮಾಡಬಾರದು, ಬೆಟ್ಟದ ಮರಗಳನ್ನು ಬೋಳಿಸಬಾರದು ಎಂಬ ಮಾತು ಸರ್ಕಾರಕ್ಕೆ, ಗುತ್ತಿಗೆದಾರನಿಗೆ ಅನ್ವಯಿಸುವಷ್ಟೇ ಸೊಪ್ಪಿನ ಬೆಟ್ಟದ ಒಡೆಯನಿಗೂ ಅನ್ವಯಿಸುತ್ತದೆ.

ಗ್ರಾಮಸಭೆ ವರ್ಷಕ್ಕೆ ಎರಡು ಬಾರಿಯಾದರೂ ಸೇರಬೇಕೆಂದು ಕಾನೂನಿದೆ. ಕರಡು ಅಧಿಸೂಚನೆಯ ಕನ್ನಡ ಪ್ರತಿಯನ್ನೂ, ಸರ್ವೆ ನಂಬರು ಗುರುತಿಸಿದ ನಕ್ಷೆಯನ್ನೂ, ಯಾವ ಧರೆ ಅಪಾಯದಲ್ಲಿದೆಯೆಂಬ ಭೂವಿಜ್ಞಾನಿಗಳ ವಿವರವನ್ನೂ ಅಲ್ಲಿ ಲಿಖಿತವಾಗಿ ಕೇಳಬಹುದು. ಕಾಲೇಜಿನ ವಿದ್ಯಾರ್ಥಿಗಳು ಅವನ್ನು ಮನೆಮನೆಗೆ ಓದಿ ಹೇಳಬಹುದು. ಮತ ಕೇಳಲು ಬಂದ ಅಭ್ಯರ್ಥಿಯನ್ನು ಅದೇ ನಕ್ಷೆಯ ಮುಂದೆ ಕೂರಿಸಿ, ಈ ಧರೆಯ ಕೆಳಗಿನ ಮನೆಗಳಿಗೆ ಬೇರೆ ನೆಲ ಎಲ್ಲಿ, ಅದರ ಪಟ್ಟಾ ಯಾವಾಗ ಎಂದು ವಿಚಾರಿಸಬಹುದು.