ಹೆಬ್ಬಾರರ ಗೆರೆ

ವಾಮಂಜೂರಿನ ನಮ್ಮ ನೆರೆಮನೆಯ ಹುಡುಗಿಗೆ ಪಿಯುಸಿ ಮುಗಿಯುತ್ತಾ ಬಂತು. ಚಿತ್ರ ಬಿಡಿಸುವುದೆಂದರೆ ಅವಳಿಗೆ ಪ್ರಾಣ. ಮುಂದೇನು ಎಂದು ಯಾರಾದರೂ ಕೇಳಿದರೆ ಮುಖ ಬಾಡುತ್ತದೆ.

ಮೊನ್ನೆ ಅವಳಿಗೆ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರವೊಂದನ್ನು ತೋರಿಸಿದೆ. ಕುಣಿಯುವ ದೇಹ. ಬೆನ್ನಿನಿಂದ ಹೊರಟ ಗೆರೆ ತೋಳಾಗಿ ಬಾಗುತ್ತದೆ, ಬೆರಳ ತುದಿಯಲ್ಲಿ ತೆಳುವಾಗುತ್ತದೆ. ಕಣ್ಣು, ಮೂಗು ಯಾವುದೂ ಇಲ್ಲ.

“ಇದರ ಅರ್ಥ ಎಂಥದು ಮಾಮ?” ಅಂದಳು.

“ಮೊದಲು ಆ ಗೆರೆಯ ಹಿಂದೆಯೇ ಹೋಗಿ ನೋಡು ಮಗಾ” ಅಂದೆ.

ನೋಡುತ್ತಾ ನೋಡುತ್ತಾ ಅವಳ ಕೈಯೂ ಮೆಲ್ಲಗೆ ಬಾಗಿತು. ಅರ್ಥ ಆಮೇಲೆ ಬರಲಿ, ಬಾರದಿದ್ದರೂ ಚಿಂತೆಯಿಲ್ಲ.

ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, ಅಲ್ಲೇ ಕಲಿಸಿದರು. ನಲವತ್ತರ ಹೊಸ್ತಿಲಲ್ಲಿ ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಅವರ ಪ್ರಶಸ್ತಿಗಳಿಗಿಂತ ನನಗೆ ಇದೇ ದೊಡ್ಡದು. ಅವರೇ ಆ ವಯಸ್ಸಿನಲ್ಲಿ ಮತ್ತೆ ಕಲಿಯಲು ಕೂತಿರುವಾಗ, ಹದಿನೇಳರ ಮಗುವಿನಿಂದ ಇಡೀ ಬದುಕಿನ ಉತ್ತರವನ್ನು ಒಂದೇ ಸಲ ಕೇಳುತ್ತೇವಲ್ಲ, ಅದು ಅನ್ಯಾಯ.

ಹುಡುಗಿಯ ಅಮ್ಮನಿಗೂ ಇದನ್ನೇ ಹೇಳಿದೆ, ಜೊತೆಗೆ ಇಷ್ಟು ಸೇರಿಸಿದೆ: ರಜೆಯಲ್ಲಿ ಇಲ್ಲೇ ಪಿಲಿಕುಳದ ಕುಶಲಕರ್ಮಿಗಳ ಗ್ರಾಮಕ್ಕೆ ಕರೆದುಕೊಂಡು ಹೋಗಿ. ಮಣ್ಣು ಹದಮಾಡುವ ಕೈಗಳನ್ನು ನೋಡಲಿ. ಮಂಗಳೂರಿನ ಕಲಾಶಾಲೆಗೂ ಒಮ್ಮೆ ಹೋಗಿಬರಲಿ. ಅರ್ಜಿ ತುಂಬುವುದಕ್ಕೆ ಇನ್ನೂ ಸಮಯವಿದೆ.